ಶೆಲ್ಲಿನಲ್ಲಿ 4.1 ವೋಲ್ಟ್ ಇದೆ, ಬೆಳಕು ಮಾತ್ರ ಮಂಕು

ಪ್ರಶ್ನೆ: ನಮ್ಮದು ಯಾದಗಿರಿ ಜಿಲ್ಲೆಯ ಶಹಾಪುರ ತಾಲ್ಲೂಕು. ರಾತ್ರಿ ಭತ್ತದ ಗದ್ದೆಗೆ ನೀರು ಹಾಯಿಸಲು ಹೋಗುತ್ತೇನೆ. ಅಜ್ಜನ ಕಾಲದ, ಮೂರು ದೊಡ್ಡ ಶೆಲ್ ಹಾಕುವ ಉದ್ದದ ಟಾರ್ಚ್ ಇತ್ತು. ಬಲ್ಬ್ ತೆಗೆದು 1 ಆಂಪಿಯರಿನ ಡ್ರೈವರ್ (ಕರೆಂಟನ್ನು ಹಿಡಿತದಲ್ಲಿಡುವ ಪುಟ್ಟ ಸರ್ಕ್ಯೂಟ್) ಇರುವ ಎಲ್‌ಇಡಿ ಕೂರಿಸಿದೆ. ಮೂರು ಶೆಲ್ಲಿನ ಬದಲು ಒಂದು 18650 ಲೀಥಿಯಂ ಶೆಲ್ ಹಾಕಿದೆ. ಉಳಿದ ಜಾಗಕ್ಕೆ ಎರಡು ಮರದ ತುಂಡು ಕೊರೆದು, ನಡುವೆ ಬೋಲ್ಟ್ ಹಾಕಿ ತುಂಬಿಸಿದ್ದೇನೆ. ಚಾರ್ಜ್ ಮಾಡಿದ ಕೂಡಲೇ ಸುಮಾರಾಗಿ ಉರಿಯುತ್ತದೆ, ಸ್ವಲ್ಪ ಹೊತ್ತಿಗೆ ಮಂಕಾಗುತ್ತದೆ. ತಟ್ಟಿದರೆ ಮತ್ತೆ ಜಾಸ್ತಿಯಾಗುತ್ತದೆ. ಶೆಲ್ ಹೊರಗೆ ತೆಗೆದು ಮೀಟರ್ ಹಿಡಿದರೆ 4.1 ವೋಲ್ಟ್ ಇದೆ. ಹೊಸ ಶೆಲ್ ಹಾಕಿದರೂ ಅದೇ ಕಥೆ. ತಳದ ಮುಚ್ಚಳದಲ್ಲಿ ಬಿಳಿ, ಹಸಿರು ಪುಡಿ ಕಟ್ಟಿತ್ತು, ಬಟ್ಟೆಯಿಂದ ಒರೆಸಿದ್ದೇನೆ. ಎಲ್‌ಇಡಿ ಹೋಗಿದೆಯಾ, ಡ್ರೈವರ್ ಹೋಗಿದೆಯಾ?

ಉತ್ತರ: ಎರಡೂ ಹೋಗಿಲ್ಲ ಅನ್ನಿಸುತ್ತದೆ. ತಟ್ಟಿದರೆ ಬೆಳಕು ಜಾಸ್ತಿಯಾಗುತ್ತದೆ ಎಂದು ಬರೆದಿದ್ದೀರಲ್ಲ, ಅರ್ಧ ಉತ್ತರ ಅಲ್ಲೇ ಇದೆ. ಕೆಟ್ಟ ಎಲ್‌ಇಡಿಯನ್ನು ತಟ್ಟಿದರೆ ಏನೂ ಆಗುವುದಿಲ್ಲ. ಖಾಲಿ ಶೆಲ್ಲನ್ನು ತಟ್ಟಿದರೂ ಆಗುವುದಿಲ್ಲ. ತಟ್ಟಿದಾಗ ಅಲುಗಾಡುವುದು ಲೋಹಕ್ಕೆ ಲೋಹ ತಾಗುವ ಜಾಗಗಳು ಮಾತ್ರ. ನಿಮ್ಮ ಕರೆಂಟಿಗೆ ಅಲ್ಲೇ ಎಲ್ಲೋ ತಡೆ ಬೀಳುತ್ತಿದೆ. ಆ ಜಾಗ ಯಾವುದೆಂದು ಗೊತ್ತಾಗುವವರೆಗೆ ಇನ್ನೊಂದು ರೂಪಾಯಿಯನ್ನೂ ಶೆಲ್ಲಿಗೆ ಹಾಕಬೇಡಿ.

ಮೊದಲು ಒಂದು ಮಾತು. ನಮ್ಮ ಕಡೆ ಟಾರ್ಚಿಗೇ ‘ಬ್ಯಾಟ್ರಿ’ ಅಂತಾರೆ, ಒಳಗಿರುವುದಕ್ಕೆ ‘ಶೆಲ್’ ಅಂತಾರೆ. ಕಲಬುರಗಿಯ ನನ್ನ ರಿಪೇರಿ ಟೇಬಲ್ಲಿಗೆ ಬರುವವರೆಲ್ಲ ‘ಬ್ಯಾಟ್ರಿ ಡಿಮ್ ಆಗೇದ’ ಎಂದೇ ಹೇಳುವುದು. ಗೊಂದಲ ಬೇಡ ಎಂದು ಇಲ್ಲಿ ಟಾರ್ಚ್, ಶೆಲ್ ಎಂದೇ ಬರೆಯುತ್ತೇನೆ.

4.1 ವೋಲ್ಟ್ ತೋರಿಸುತ್ತಿದ್ದರೂ ಬೆಳಕು ಏಕಿಲ್ಲ ಎಂಬುದು ನಿಮ್ಮ ಮುಖ್ಯ ಪ್ರಶ್ನೆ. ಗದ್ದೆಯ ಪೈಪನ್ನೇ ನೆನಪಿಸಿಕೊಳ್ಳಿ. ಪೈಪಿನಲ್ಲಿ ಹೂಳು ತುಂಬಿದೆ, ಆದರೆ ಕೊನೆಯ ವಾಲ್ವ್ ಮುಚ್ಚಿದೆ. ಆಗ ಕೊನೆಯಲ್ಲಿ ಒತ್ತಡ ಪೂರ್ತಿ ಇರುತ್ತದೆ. ವಾಲ್ವ್ ತೆರೆದ ಮೇಲೆ ಗೊತ್ತಾಗುತ್ತದೆ ನೀರು ತೊಟ್ಟಿಕ್ಕುವುದು. ಮೀಟರಿನಲ್ಲಿ ವೋಲ್ಟ್ ನೋಡುವಾಗ ಅದು ಶೆಲ್ಲಿನಿಂದ ಹೆಚ್ಚುಕಡಿಮೆ ಏನನ್ನೂ ಎಳೆಯುವುದಿಲ್ಲ. ಅಂದರೆ ನೀವು ವಾಲ್ವ್ ಮುಚ್ಚಿ ಒತ್ತಡ ಅಳೆದಿದ್ದೀರಿ. ಟಾರ್ಚ್ ಉರಿಯುತ್ತಿರುವಾಗ ಎಲ್‌ಇಡಿ ಹತ್ತಿರ ಎಷ್ಟು ತಲುಪುತ್ತಿದೆ ಎಂಬುದೇ ನಿಜವಾದ ಅಳತೆ.

ಲೆಕ್ಕ ಸಣ್ಣದೇ. ಬಿಳಿ ಎಲ್‌ಇಡಿಯಲ್ಲಿ 1 ಆಂಪಿಯರ್ ಹರಿಯಬೇಕಾದರೆ ಅದಕ್ಕೆ ಸುಮಾರು 3.1ರಿಂದ 3.2 ವೋಲ್ಟ್ ಬೇಕು. ಡ್ರೈವರಿಗೆ ಇನ್ನೊಂದಿಷ್ಟು ಬಿಡಬೇಕು. ಒಟ್ಟು 3.3 ವೋಲ್ಟ್ ತಲುಪಿದರೆ ಪೂರ್ತಿ ಬೆಳಕು. ಲೀಥಿಯಂ ಶೆಲ್ ಪೂರ್ತಿ ತುಂಬಿದಾಗ 4.2 ವೋಲ್ಟ್. ಬೇಗನೆ 3.9ಕ್ಕೆ ಇಳಿಯುತ್ತದೆ, ಬಹಳ ಹೊತ್ತು 3.7, 3.6ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಅಂದರೆ ದಾರಿಯಲ್ಲಿ ಕಳೆದುಕೊಳ್ಳಲು ನಿಮಗೆ ಇರುವುದು 0.3 ವೋಲ್ಟ್ ಅಷ್ಟೇ. 1 ಆಂಪಿಯರಿಗೆ 0.3 ವೋಲ್ಟ್ ಎಂದರೆ ಇಡೀ ದಾರಿಯ ತಡೆ 0.3 ಓಮ್ ಮೀರಬಾರದು. ಸ್ಪ್ರಿಂಗ್, ಬೋಲ್ಟ್, ಮುಚ್ಚಳ, ಸ್ವಿಚ್ ಎಲ್ಲ ಸೇರಿ ಇಷ್ಟು.

ಈಗ ನಿಮ್ಮ ಟಾರ್ಚಿನಲ್ಲಿ ಎಷ್ಟು ಕಡೆ ಲೋಹಕ್ಕೆ ಲೋಹ ತಾಗುತ್ತದೆ, ಎಣಿಸಿ ನೋಡಿ. ಶೆಲ್ಲಿನ ಪ್ಲಸ್ ತುದಿ ಡ್ರೈವರಿಗೆ. ಮೈನಸ್ ತುದಿ ಮೊದಲ ಬೋಲ್ಟಿನ ತಲೆಗೆ. ಮೊದಲ ಬೋಲ್ಟಿನ ಬಾಲ ಎರಡನೇ ಬೋಲ್ಟಿಗೆ. ಅದು ತಳದ ಸ್ಪ್ರಿಂಗಿಗೆ. ಸ್ಪ್ರಿಂಗ್ ಮುಚ್ಚಳಕ್ಕೆ. ಮುಚ್ಚಳದ ಥ್ರೆಡ್ ಕೊಳವೆಗೆ. ಕೊಳವೆಯಿಂದ ಪಕ್ಕದ ಜಾರು ಸ್ವಿಚ್ಚಿನ ಪಟ್ಟಿಗೆ. ಪಟ್ಟಿಯಿಂದ ಮುಂದಿನ ರಿಂಗಿಗೆ. ಎಂಟು ಜಾಗ! ಒಂದೊಂದರಲ್ಲಿ 0.2 ಓಮ್ ಎಂದುಕೊಂಡರೂ 1.6 ಓಮ್ ಆಯಿತು. ಅಷ್ಟು ತಡೆ ಇದ್ದರೆ ಪೂರ್ತಿ ಚಾರ್ಜ್ ಇದ್ದಾಗಲೇ 0.6 ಆಂಪಿಯರ್ ಆಸುಪಾಸು ಹರಿಯುತ್ತದೆ. ಶೆಲ್ 3.7ಕ್ಕೆ ಇಳಿದ ಮೇಲೆ 0.4 ಆಂಪಿಯರ್. ಚಾರ್ಜ್ ಮಾಡಿದ ಕೂಡಲೇ ಸುಮಾರಾಗಿ ಉರಿದು ಆಮೇಲೆ ಮಂಕಾಗುವುದು ಇದೇ ಕಾರಣಕ್ಕೆ. ಹಳೇ ಬಲ್ಬ್ ಆಗಿದ್ದರೆ ವೋಲ್ಟ್ ಕಡಿಮೆಯಾದಾಗ ಹಳದಿಯಾಗಿ, ಕೆಂಪಾಗಿ ನಿಮಗೆ ಹೇಳಿಬಿಡುತ್ತಿತ್ತು. ಎಲ್‌ಇಡಿ ಹಾಗಲ್ಲ. ಬಣ್ಣ ಬಿಳಿಯಾಗಿಯೇ ಇರುತ್ತದೆ, ಬೆಳಕು ಸದ್ದಿಲ್ಲದೆ ಇಳಿಯುತ್ತಾ ಹೋಗುತ್ತದೆ. ಕತ್ತಲಲ್ಲಿ ಬದುವಿನ ಮೇಲೆ ಕಾಲಿಡುವಾಗ, ಹುಲ್ಲಿನಲ್ಲಿ ಕೊಳಕುಮಂಡಲ ಇದೆಯೋ ಇಲ್ಲವೋ ಎಂದು ನೋಡಬೇಕಾದಾಗ, ಇದು ಸಣ್ಣ ವಿಷಯ ಅಲ್ಲ.

ಅಜ್ಜನ ಕಾಲದಲ್ಲಿ ಇದೇ ಟಾರ್ಚ್ ಚೆನ್ನಾಗಿ ಉರಿಯುತ್ತಿತ್ತಲ್ವಾ, ಈಗೇಕೆ ಹೀಗೆ ಎಂದು ಕೇಳಬಹುದು. ಆಗಿನ ಬಲ್ಬ್ ಎಳೆಯುತ್ತಿದ್ದುದು ಅರ್ಧ ಆಂಪಿಯರ್. ಕೊಡುವ ಶೆಲ್ ಮೂರು ಸೇರಿ 4.5 ವೋಲ್ಟ್. ನೀವು ಕರೆಂಟು ಎರಡು ಪಟ್ಟು ಮಾಡಿದಿರಿ, ವೋಲ್ಟ್ ಕಡಿಮೆ ಮಾಡಿದಿರಿ, ಶೆಲ್ಲಿಗೆ ಶೆಲ್ ತಾಗುತ್ತಿದ್ದ ಕಡೆ ಬೋಲ್ಟುಗಳನ್ನು ತಂದಿರಿ. ಅದೇ ಸ್ಪ್ರಿಂಗು, ಅದೇ ಸ್ವಿಚ್ಚು ಈಗ ಸಾಲುತ್ತಿಲ್ಲ.

ಪತ್ತೆ ಮಾಡುವ ಕೆಲಸಕ್ಕೆ ಒಂದು ಮೀಟರ್, ಮನೆ ವೈರಿಂಗಿನ 1.5 ಸ್ಕ್ವೇರ್ ಎಂಎಂ ತಾಮ್ರದ ವೈರಿನ ಒಂದು ಗೇಣು ಸಾಕು. ಶೆಲ್ ಅರ್ಧ ಖಾಲಿ ಇರುವಾಗ ಮಾಡಿ. ಆಗಲೇ ತೊಂದರೆ ಎದ್ದು ಕಾಣುತ್ತದೆ. ಟಾರ್ಚನ್ನು ತಲೆಕೆಳಗಾಗಿ ನಿಲ್ಲಿಸಿ, ತಳದ ಮುಚ್ಚಳ ಬಿಚ್ಚಿ, ಸ್ವಿಚ್ ಆನ್ ಮಾಡಿ. ಈಗ ಕಾಣುವುದು ಎರಡನೇ ತುಂಡಿನ ಬೋಲ್ಟ್ ಮತ್ತು ಕೊಳವೆಯ ಅಂಚು. ವೈರಿನ ಎರಡೂ ತುದಿ ಸುಲಿದು, ಒಂದನ್ನು ಬೋಲ್ಟಿಗೆ ಗಟ್ಟಿಯಾಗಿ ಒತ್ತಿ, ಇನ್ನೊಂದನ್ನು ಕೊಳವೆಯ ಅಂಚಿಗೆ ಒತ್ತಿ. ಅಂಚಿನಲ್ಲಿ ಬಣ್ಣ, ತುಕ್ಕು ಇದ್ದರೆ ಮೊದಲು ಸ್ವಲ್ಪ ಕೆರೆದುಕೊಳ್ಳಿ. ಮುಚ್ಚಳ ಹಾಕಿದಾಗಿನದಕ್ಕಿಂತ ಬೆಳಕು ಎದ್ದು ಕಂಡರೆ ತೊಂದರೆ ಮುಚ್ಚಳ, ಸ್ಪ್ರಿಂಗ್, ಥ್ರೆಡ್ ಈ ಮೂರರಲ್ಲೇ ಇದೆ. ಬದಲಾಗದಿದ್ದರೆ ಒಳಗೆ ಹೋಗಬೇಕು. ಎರಡನೇ ತುಂಡು ಹೊರತೆಗೆದು ಇನ್ನೂ ಉದ್ದದ ವೈರಿನಿಂದ ಮೊದಲ ಬೋಲ್ಟಿಗೆ ಮುಟ್ಟಿಸಿ. ಆಮೇಲೆ ಅದನ್ನೂ ತೆಗೆದು ನೇರ ಶೆಲ್ಲಿನ ಮೈನಸ್ಸಿಗೆ. ಯಾವ ಹೆಜ್ಜೆಯಲ್ಲಿ ಬೆಳಕು ನೆಗೆಯುತ್ತದೋ, ಕಳ್ಳ ಆಗ ತಾನೇ ತೆಗೆದ ತುಂಡಿನಲ್ಲಿದ್ದಾನೆ. ಶೆಲ್ಲಿನ ಮೈನಸ್ಸಿನಿಂದ ನೇರ ಕೊಳವೆಗೆ ಕೊಟ್ಟರೂ ಮಂಕಾಗಿದ್ದರೆ ಆಗ ಜಾರು ಸ್ವಿಚ್ ಮತ್ತು ಮುಂದಿನ ರಿಂಗನ್ನು ಅನುಮಾನಿಸಿ. ಶೆಲ್ಲಿನ ಪ್ಲಸ್ ಕಡೆಗೆ ಮಾತ್ರ ಈ ವೈರ್ ಒಯ್ಯಲೇಬೇಡಿ.

ಕಣ್ಣಿನ ಅಂದಾಜು ಸಾಲದು ಎಂದರೆ ಅದೇ ಜಾಗದಲ್ಲಿ ಮೀಟರನ್ನು 10 ಆಂಪಿಯರಿಗೆ ಇಟ್ಟು, ವೈರಿನ ಬದಲು ಮೀಟರಿನ ಕಡ್ಡಿಗಳನ್ನು ಒತ್ತಿ. 1 ಆಂಪಿಯರಿನ ಹತ್ತಿರ ಬಂದರೆ ಒಳ್ಳೆಯದು. ಕಡ್ಡಿಗಳ ವೈರಿನಲ್ಲೇ ಒಂದಿಷ್ಟು ತಡೆ ಇರುವುದರಿಂದ ಸ್ವಲ್ಪ ಕಡಿಮೆ ತೋರಿಸುವುದು ಸಹಜ. ಒಂದು ಎಚ್ಚರಿಕೆ. ಕಡ್ಡಿ ಆಂಪಿಯರ್ ತೂತಿನಲ್ಲಿ ಇರುವಾಗ ಅದನ್ನು ಶೆಲ್ಲಿನ ಎರಡು ತುದಿಗೆ ಹಿಡಿದರೆ ನೇರ ಶಾರ್ಟ್. ಅಗ್ಗದ ಮೀಟರುಗಳಲ್ಲಿ ಆ ತೂತಿಗೆ ಫ್ಯೂಸೂ ಇರುವುದಿಲ್ಲ. ಅಳತೆ ಮುಗಿದ ಕ್ಷಣವೇ ಕಡ್ಡಿಯನ್ನು ವೋಲ್ಟ್ ತೂತಿಗೆ ಹಾಕಿ, ಆಮೇಲೆ ಮೀಟರ್ ಕೆಳಗಿಡಿ. ನಾನು ಈಗಲೂ ಹಾಗೇ ಮಾಡುವುದು.

ಇನ್ನು ಆ ಬಿಳಿ, ಹಸಿರು ಪುಡಿ. ಒಣ ಬಟ್ಟೆಯಿಂದ ಒರೆಸಿದರೆ ಅದು ಹೋಗುವುದಿಲ್ಲ. ಹಳೇ ದೊಡ್ಡ ಶೆಲ್ಲಿನ ಡಬ್ಬಿ ಸತುವಿನದು. ಶೆಲ್ ಬಳಸಿದಂತೆ ಆ ಸತುವೇ ಕರಗುತ್ತಾ ಬರುತ್ತದೆ. ಕೊನೆಗೆ ಡಬ್ಬಿ ತೂತಾಗಿ ಒಳಗಿನ ರಸ ಹೊರಗೆ ಬರುತ್ತದೆ. ಆ ರಸದಲ್ಲಿ ಇರುವುದು ನವಸಾಗರ (ಅಮೋನಿಯಂ ಕ್ಲೋರೈಡ್), ಸತುವಿನ ಕ್ಲೋರೈಡ್. ಲೆಕ್ಲಾಂಶೆ ಎಂಬ ಫ್ರೆಂಚ್ ವಿಜ್ಞಾನಿ 1866ರಲ್ಲಿ ಸತು, ನವಸಾಗರ, ಮ್ಯಾಂಗನೀಸ್ ಸೇರಿಸಿ ಮಾಡಿದ ಶೆಲ್ಲಿನ ವಂಶವೇ ಇದು. ಬೀದರಿನವರಿಗೆ ಸತು, ನವಸಾಗರದ ಜೋಡಿ ಹೊಸದಲ್ಲ. ಬಿದರಿ ಪಾತ್ರೆಯ ಲೋಹದಲ್ಲಿ ಬಹುಪಾಲು ಸತು, ಸ್ವಲ್ಪ ತಾಮ್ರ. ಕೊನೆಯಲ್ಲಿ ಕೋಟೆಯ ಮಣ್ಣಿಗೆ ನವಸಾಗರ, ನೀರು ಕಲಸಿ ಬಿಸಿ ಪಾತ್ರೆಗೆ ಉಜ್ಜಿದರೆ ಲೋಹ ಕಪ್ಪಾಗುತ್ತದೆ, ಬೆಳ್ಳಿಯ ಕುಸುರಿ ಮಾತ್ರ ಹೊಳೆಯುತ್ತಾ ಉಳಿಯುತ್ತದೆ. ನವಸಾಗರ ಲೋಹದ ಮೈಯನ್ನೇ ಬದಲಾಯಿಸುತ್ತದೆ ಎಂಬುದಕ್ಕೆ ಇದಕ್ಕಿಂತ ಚೆಂದದ ಸಾಕ್ಷಿ ಬೇಕಾ? ಪಾತ್ರೆಯ ಮೇಲೆ ಅದು ಅಂದ. ಟಾರ್ಚಿನ ತಳದಲ್ಲಿ ಅದೇ ಕೆಲಸ ಕಿಲುಬು. ಹಸಿರು ಬಣ್ಣ ಬಂದಿದೆ ಎಂದರೆ ನಿಮ್ಮ ಟಾರ್ಚಿನ ಗಿಲೀಟಿನ ಕೆಳಗೆ ಹಿತ್ತಾಳೆ ಇದೆ, ಅದರಲ್ಲಿರುವ ತಾಮ್ರವನ್ನು ರಸ ತಿಂದಿದೆ.

ಸತುವಿನ ಕ್ಲೋರೈಡಿಗೆ ಇನ್ನೊಂದು ಗುಣ ಇದೆ. ಗಾಳಿಯ ತೇವವನ್ನು ಅದು ಎಳೆದುಕೊಳ್ಳುತ್ತದೆ. ಬೇಸಿಗೆಯಲ್ಲಿ ಒರೆಸಿ ಒಣಗಿದಂತೆ ಕಂಡದ್ದು, ನೀರು ನಿಂತ ಗದ್ದೆಯ ಪಕ್ಕ ಒಂದು ರಾತ್ರಿ ಕಳೆದರೆ ಮತ್ತೆ ಒದ್ದೆ. ಅದಕ್ಕೇ ತೊಳೆಯಬೇಕು. ಶೆಲ್ ತೆಗೆದು ದೂರ ಇಡಿ. ಎಲ್‌ಇಡಿ, ಡ್ರೈವರ್ ಇರುವ ತಲೆಯ ಭಾಗ ಬಿಚ್ಚಿ ಬೇರೆ ಇಡಿ. ಒಂದು ಲೋಟ ನೀರಿಗೆ ಒಂದು ಚಮಚ ಅಡುಗೆ ಸೋಡಾ ಹಾಕಿ, ಹಳೇ ಹಲ್ಲುಜ್ಜುವ ಬ್ರಷ್ ಅದ್ದಿ, ಮುಚ್ಚಳದ ಒಳಗೆ, ಸ್ಪ್ರಿಂಗಿನ ಸುತ್ತು ಸುತ್ತಿನ ನಡುವೆ, ಥ್ರೆಡ್ಡಿನ ಸಂದಿಯಲ್ಲಿ ಉಜ್ಜಿ. ಈ ರಸ ಸ್ವಲ್ಪ ಹುಳಿ ಗುಣದ್ದು, ಸೋಡಾ ಅದನ್ನು ತಣಿಸುತ್ತದೆ. ಆಮೇಲೆ ಒಳ್ಳೆಯ ನೀರಿನಲ್ಲಿ ತೊಳೆದು ಒಂದು ದಿನ ಬಿಸಿಲಿಗೆ ಇಡಿ. ನಮ್ಮ ಬಿಸಿಲಿಗೆ ಒಂದು ದಿನ ಧಾರಾಳ. ಸೋರಿದ್ದು ಆಲ್ಕಲೈನ್ ಶೆಲ್ ಆಗಿದ್ದರೆ ಲೆಕ್ಕ ಉಲ್ಟಾ. ಅದರ ರಸ ಕ್ಷಾರ, ಅದಕ್ಕೆ ನಿಂಬೆರಸ ಅಥವಾ ವಿನೆಗರ್ ಬೇಕು. ಶೆಲ್ಲಿನ ಮೇಲೆ ಆರ್20 ಎಂದು ಇದ್ದರೆ ಸತುವಿನದು, ಎಲ್‌ಆರ್20 ಎಂದು ಇದ್ದರೆ ಆಲ್ಕಲೈನ್. ಎರಡಕ್ಕೂ ಕೈಗೆ ಪ್ಲಾಸ್ಟಿಕ್ ಚೀಲ ಆದರೂ ಸುತ್ತಿಕೊಳ್ಳಿ, ಆ ಕೈಯಲ್ಲಿ ಕಣ್ಣು ಮುಟ್ಟಬೇಡಿ.

ಒಣಗಿದ ಮೇಲೆ ಮರಳು ಕಾಗದ ಹಿಡಿಯುವ ಮುಂಚೆ ಸ್ವಲ್ಪ ನಿಲ್ಲಿ. ಮೊದಮೊದಲು ನಾನು ಎಲ್ಲವನ್ನೂ ಬೆಳ್ಳಗೆ ಹೊಳೆಯುವ ತನಕ ಉಜ್ಜುತ್ತಿದ್ದೆ. ಆ ದಿನ ಬೆಳಕು ಚೆನ್ನಾಗಿ ಬರುತ್ತಿತ್ತು. ಮುಂದಿನ ಮಳೆಗಾಲಕ್ಕೆ ಅದೇ ಟಾರ್ಚುಗಳು ಕೆಂಪು ತುಕ್ಕು ಹಿಡಿದು ವಾಪಸ್ ಬಂದವು. ಸ್ಪ್ರಿಂಗಿನ ಮೇಲಿನ ನಿಕ್ಕಲ್ ಗಿಲೀಟನ್ನು ನಾನೇ ಕೆರೆದು ಹಾಕಿದ್ದೆ, ಒಳಗಿನ ಉಕ್ಕು ಬಯಲಾಗಿತ್ತು. ಗಿಲೀಟು ಇರುವ ಕಡೆ ಪೆನ್ಸಿಲ್ ರಬ್ಬರಿನಿಂದ ಉಜ್ಜಿದರೆ ಸಾಕು. ಗಿಲೀಟು ಆಗಲೇ ಹೋಗಿರುವ ಕಡೆ ಮಾತ್ರ 600 ನಂಬರಿನ ಕಾಗದ ಬಳಸಿ. ಮೊಬೈಲ್ ರಿಪೇರಿಯವರ ಹತ್ತಿರ ಐಪಿಎ ಎಂಬ ಸ್ಪಿರಿಟ್ ಇರುತ್ತದೆ, ಹತ್ತಿಯಲ್ಲಿ ಅದ್ದಿ ಕೊನೆಗೆ ಒರೆಸಿ. ಥ್ರೆಡ್ಡಿಗೆ, ರಬ್ಬರ್ ರಿಂಗಿಗೆ ತೆಳ್ಳಗೆ ಸಿಲಿಕೋನ್ ಗ್ರೀಸ್ ಹಚ್ಚಿ, ನೀರು ಒಳಗೆ ಬರುವುದಿಲ್ಲ. ಕೊಳವೆಯ ಅಂಚು, ಸ್ಪ್ರಿಂಗಿನ ತುದಿ ಮಾತ್ರ ಒಣಗಿಯೇ ಇರಲಿ.

ಸ್ಪ್ರಿಂಗಿಗೆ ಇನ್ನೊಂದು ಉಪಾಯ ಇದೆ, ಇದನ್ನು ಖಂಡಿತ ಮಾಡಿ. ಉಕ್ಕಿನ ಸ್ಪ್ರಿಂಗ್ ತಾಮ್ರದಷ್ಟು ಸಲೀಸಾಗಿ ಕರೆಂಟು ಬಿಡುವುದಿಲ್ಲ. ಅದೂ ಸುತ್ತು ಬಿಚ್ಚಿದರೆ ಉದ್ದನೆಯ ತಂತಿ. ಎಳೆ ಎಳೆಯಾಗಿರುವ ಮೆತ್ತನೆಯ ತಾಮ್ರದ ವೈರಿನ ಒಂದು ತುಂಡು ತೆಗೆದುಕೊಳ್ಳಿ. ಅದರ ಒಂದು ತುದಿಯನ್ನು ಸ್ಪ್ರಿಂಗಿನ ಮೇಲಿನ ಸುತ್ತಿಗೆ, ಇನ್ನೊಂದನ್ನು ಅದರ ಬುಡದ ತಗಡಿಗೆ ಬೆಸುಗೆ ಹಾಕಿ. ವೈರ್ ಸ್ಪ್ರಿಂಗಿನ ಹೊಟ್ಟೆಯೊಳಗೆ ಸ್ವಲ್ಪ ಸಡಿಲವಾಗಿ ಕೂರಬೇಕು, ಇಲ್ಲವಾದರೆ ಸ್ಪ್ರಿಂಗ್ ಒತ್ತಿದಾಗ ಬೆಸುಗೆ ಕಿತ್ತು ಬರುತ್ತದೆ. ಈಗ ಸ್ಪ್ರಿಂಗಿನ ಕೆಲಸ ಒತ್ತುವುದು ಮಾತ್ರ, ಕರೆಂಟು ತಾಮ್ರದಲ್ಲಿ ಹೋಗುತ್ತದೆ. ಬೆಸುಗೆ ಮುಚ್ಚಳದಲ್ಲಿ ಹಾಕಿ, ಲೀಥಿಯಂ ಶೆಲ್ಲಿನ ಮೇಲೆ ಎಂದೂ ಬೇಡ. ಆ ಕಾವಿಗೆ ಒಳಗಿನ ಪದರ ಹಾಳಾಗಿ ಶೆಲ್ಲೇ ಹೊತ್ತಿಕೊಳ್ಳಬಹುದು.

ನಿಮ್ಮ ಟಾರ್ಚಿನಲ್ಲಿ ನನಗೆ ಎಲ್ಲಕ್ಕಿಂತ ಜಾಸ್ತಿ ಅನುಮಾನ ಇರುವುದು ಆ ಎರಡು ಮರದ ತುಂಡುಗಳ ಮೇಲೆ. ಮರ ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಬೋಲ್ಟ್ ಸಡಿಲವಾಗುತ್ತದೆ. ಬೋಲ್ಟಿನ ತಲೆ ಸಮವಾಗಿಲ್ಲದಿದ್ದರೆ ಯಾವುದೋ ಒಂದು ಮೂಲೆ ಮಾತ್ರ ತಾಗುತ್ತದೆ. ತಟ್ಟಿದಾಗ ಬೆಳಕು ಬರುವುದು ಬಹುಶಃ ಇಲ್ಲಿಂದಲೇ. ದೊಡ್ಡ ಶೆಲ್ ಒಂದೊಂದು 61 ಮಿಲಿಮೀಟರ್ ಉದ್ದ, ಮೂರಕ್ಕೆ 183. 18650 ಎಂಬ ಹೆಸರಿನಲ್ಲೇ ಅಳತೆ ಇದೆ. 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ. ನೀವು ತುಂಬಬೇಕಾದ ಜಾಗ 118 ಮಿಲಿಮೀಟರ್. ಎರಡು ತುಂಡಿನ ಬದಲು ಒಂದೇ ತುಂಡು ಮಾಡಿದರೆ ಒಂದು ತಾಗುವ ಜಾಗ ಅಲ್ಲೇ ಕಡಿಮೆಯಾಯಿತು. 32 ಮಿಲಿಮೀಟರಿನ ಪಿವಿಸಿ ಪೈಪ್ ನಿಮ್ಮ ಕೊಳವೆಯಲ್ಲಿ ಸರಾಗ ಕೂರುತ್ತದೆ. ಅದರ ಎರಡೂ ತುದಿಗೆ ಹಿತ್ತಾಳೆಯ ಬಿಲ್ಲೆ ಕೂರಿಸಿ, ಎರಡನ್ನೂ ಒಳಗಿನಿಂದ ಆ 1.5 ಸ್ಕ್ವೇರ್ ತಾಮ್ರದ ವೈರಿನಿಂದ ಬೆಸೆಯಿರಿ. ಕಲಬುರಗಿಗೆ ಬರುವ ಕೆಲಸ ಇದ್ದರೆ ಕಪನೂರು ಇಂಡಸ್ಟ್ರಿಯಲ್ ಏರಿಯಾದ ಕಡೆ ಲೇತ್ ಇರುವವರನ್ನು ಕೇಳಿ, 118 ಉದ್ದದ ಹಿತ್ತಾಳೆ ಸರಳನ್ನೇ ಎರಡೂ ತುದಿ ಸಮ ಮಾಡಿ ಕೊಡುತ್ತಾರೆ. ಶೆಲ್ ಅಲ್ಲಾಡದಂತೆ ಅದರ ಸುತ್ತಲೂ 25 ಮಿಲಿಮೀಟರಿನ ಪೈಪ್, ಅದರ ಹೊರಗೆ 32ರದ್ದು ಹಾಕಿ. ಸಂದಿಗೆ ದಪ್ಪ ಕಾಗದ ಸುತ್ತಿದರೆ ಸಾಕು.

ಶೆಲ್ಲಿನ ಪ್ಲಸ್ ತುದಿಯನ್ನು ಒಮ್ಮೆ ಹತ್ತಿರದಿಂದ ನೋಡಿ. ನಡುವಿನ ಗುಂಡಿ ಮಾತ್ರ ಪ್ಲಸ್. ಅದರ ಸುತ್ತ, ಕೂದಲೆಳೆಯಷ್ಟು ದೂರದಲ್ಲಿ ಇರುವ ಅಂಚು, ಇಡೀ ಡಬ್ಬಿ, ಎಲ್ಲ ಮೈನಸ್. ನಡುವೆ ಇರುವುದು ಒಂದು ಕಾಗದದ ಬಳೆ, ಮೇಲಿನ ತೆಳ್ಳನೆಯ ಪ್ಲಾಸ್ಟಿಕ್ ಹೊದಿಕೆ. ಆ ಹೊದಿಕೆ ಭುಜದ ಹತ್ತಿರ ಹರಿದಿದ್ದರೆ, ಡ್ರೈವರಿನ ಸ್ಪ್ರಿಂಗ್ ಅಗಲವಾಗಿದ್ದರೆ ಶಾರ್ಟ್ ಆಗುತ್ತದೆ. ಕೈಯಲ್ಲಿ ಹಿಡಿದ ಗಟ್ಟಿ ಕೊಳವೆಯೊಳಗೆ ಆಗುವ ಶಾರ್ಟ್ ಇದು. ಹೊದಿಕೆ ಸ್ವಲ್ಪ ಹರಿದಿದ್ದರೂ ಆ ಶೆಲ್ ಹಾಕಬೇಡಿ.

ಹೊಸ ಶೆಲ್ಲಿನ ಮೇಲೆ ಏನು ಬರೆದಿದೆ ನೀವು ಹೇಳಿಲ್ಲ. 9900 ಎಂಎಎಚ್ (ಶೆಲ್ ಎಷ್ಟು ಚಾರ್ಜ್ ಹಿಡಿಯುತ್ತದೆ ಎಂಬ ಅಂಕಿ) ಎಂದು ಇದ್ದರೆ ಅದು ಸುಳ್ಳು. ಈ ಅಳತೆಯ ಒಳ್ಳೆಯ ಶೆಲ್ಲುಗಳು ಸಾಮಾನ್ಯವಾಗಿ 2000ದಿಂದ 3500ರ ನಡುವೆ ಇರುತ್ತವೆ. ನಾನೂ ಅಂಥದ್ದೊಂದು ಕೊಂಡು ತಂದು, ಬಂಗಾರದ ಅಂಗಡಿಯ ತಕ್ಕಡಿಯಲ್ಲಿ ತೂಗಿಸಿದ್ದೆ. 30 ಗ್ರಾಂ ಕೂಡ ಬರಲಿಲ್ಲ. ಒಳ್ಳೆಯದು 45 ಗ್ರಾಂ ಆಸುಪಾಸು ಇರುತ್ತದೆ. ಇಂಥ ಹಗುರ ಶೆಲ್ಲು ಸುಮ್ನೆ ಇಟ್ಟಾಗ 4.1 ತೋರಿಸುತ್ತದೆ, 1 ಆಂಪಿಯರ್ ಎಳೆದ ಕೂಡಲೇ ಕುಸಿಯುತ್ತದೆ. ಟಾರ್ಚ್ ಹತ್ತು ನಿಮಿಷ ಉರಿಸಿ, ಮಂಕಾದ ತಕ್ಷಣ ಶೆಲ್ ತೆಗೆದು ಅಳೆಯಿರಿ. 3.8ಕ್ಕಿಂತ ಮೇಲಿದ್ದರೆ ಶೆಲ್ ಖಾಲಿಯಾಗಿಲ್ಲ, ತೂಕವೂ ಸರಿ ಇದ್ದರೆ ದಾರಿ ಕೆಟ್ಟಿರುವ ಸಾಧ್ಯತೆಯೇ ಜಾಸ್ತಿ. 3.4ರ ಹತ್ತಿರ ಬಂದಿದ್ದರೆ ಶೆಲ್ಲಿನದೂ ಪಾಲಿದೆ.

ಮಂಕು ಹೋಗಲಿ ಎಂದು ಎರಡು 18650 ಸಾಲಾಗಿ ಹಾಕುವವರಿದ್ದಾರೆ. ಜಾಗವೂ ಇದೆ, ಮನಸ್ಸಿಗೆ ಬಂದೇ ಬರುತ್ತದೆ. ಬೇಡ. ಎರಡು ಸೇರಿ 8.4 ವೋಲ್ಟ್ ಆಗುತ್ತದೆ. ಒಂದು ಶೆಲ್ಲಿಗೆ ಮಾಡಿದ ಡ್ರೈವರ್ ಅದನ್ನು ತಡೆಯುವುದಿಲ್ಲ. ಬದಲಿಗೆ ನನ್ನ ಸ್ವಂತ ಅಭಿಪ್ರಾಯ ಕೇಳಿದರೆ, ನಿಮ್ಮ ಟಾರ್ಚಿಗೆ ಮೂರು ದೊಡ್ಡ ನಿಕ್ಕಲ್ ಚಾರ್ಜಿಂಗ್ ಶೆಲ್ಲುಗಳೇ ಹೊಂದುತ್ತವೆ. ಒಂದೊಂದು 1.2 ವೋಲ್ಟ್, ಮೂರಕ್ಕೆ 3.6. ಮರದ ತುಂಡೂ ಬೇಡ, ಪೈಪೂ ಬೇಡ, ಕೊಳವೆ ಅದಕ್ಕೇ ಮಾಡಿದ್ದು. ಲೀಥಿಯಂನಷ್ಟು ಬೆಂಕಿಯ ಭಯವೂ ಇಲ್ಲ. ಚಾರ್ಜರ್ ಸಿಗದ ದಿನ ಮೂರು ಆಲ್ಕಲೈನ್ ಹಾಕಿದರೂ ಅದೇ ಡ್ರೈವರ್ ನಡೆಯುತ್ತದೆ. ಹಳೇದು, ಹೊಸದು ಬೆರಸಬೇಡಿ ಅಷ್ಟೇ.

ಲೀಥಿಯಂ ಇಟ್ಟುಕೊಳ್ಳುವುದೇ ಆದರೆ ಚಾರ್ಜಿಂಗ್ ಬಗ್ಗೆ ಒಂದು ಮಾತು. 45 ಡಿಗ್ರಿಗಿಂತ ಬಿಸಿ ಇರುವಾಗ ಈ ಶೆಲ್ ಚಾರ್ಜ್ ಮಾಡಬಾರದು. ನಮ್ಮ ಕಡೆ ಮೇ ತಿಂಗಳಲ್ಲಿ ನೆರಳಲ್ಲೇ 42, 43 ದಾಟುತ್ತದೆ. ತಗಡಿನ ಶೆಡ್ಡಿನೊಳಗೆ ಎಷ್ಟಿರಬಹುದು ಯೋಚಿಸಿ. ಪಂಪ್‌ಸೆಟ್ ಮನೆಯಲ್ಲಿ ಮಧ್ಯಾಹ್ನ ಚಾರ್ಜಿಗೆ ಹಾಕಿ ಊಟಕ್ಕೆ ಹೋಗಬೇಡಿ. ಸಂಜೆ ತಣ್ಣಗಾದ ಮೇಲೆ, ಮನೆಯಲ್ಲಿ, ಕಣ್ಣೆದುರು ಕಲ್ಲಿನ ಮೇಲೋ ಬಂಡೆಯ ಮೇಲೋ ಇಟ್ಟು ಮಾಡಿ. 2.5 ವೋಲ್ಟಿಗಿಂತ ಕೆಳಗಿಳಿದು ಬಹಳ ದಿನ ಹಾಗೇ ಇದ್ದ ಶೆಲ್ಲನ್ನು ಮತ್ತೆ ಚಾರ್ಜ್ ಮಾಡಲೇಬೇಡಿ.

ಎಲ್ಲ ಸರಿಯಾದ ಮೇಲೂ ಐದು ನಿಮಿಷಕ್ಕೆ ಬೆಳಕು ಇಳಿದು, ಟಾರ್ಚಿನ ತಲೆ ಸುಡುತ್ತಿದ್ದರೆ ಆಗ ಎಲ್‌ಇಡಿಯ ಕಾವು ಹೊರಗೆ ಹೋಗುತ್ತಿಲ್ಲ ಎಂದರ್ಥ. ಎಲ್‌ಇಡಿ ಕೂತ ತಗಡು ಅಲ್ಯೂಮಿನಿಯಂ ಬಿಲ್ಲೆಗೆ, ಬಿಲ್ಲೆ ಕೊಳವೆಗೆ ಗಟ್ಟಿಯಾಗಿ ಅಂಟಿರಬೇಕು. ನಡುವೆ ಹೀಟ್‌ಸಿಂಕ್ ಪೇಸ್ಟ್ ಹಚ್ಚಿ. ಹಳೇ ಟಾರ್ಚುಗಳಲ್ಲಿ ಬಲ್ಬ್ ಪ್ಲಾಸ್ಟಿಕ್ ಹಿಡಿಕೆಯಲ್ಲಿ ತೂಗುತ್ತಿತ್ತು, ಅಲ್ಲೇ ಎಲ್‌ಇಡಿ ಕೂರಿಸಿದ್ದರೆ ಇದು ಆಗಿಯೇ ಆಗುತ್ತದೆ.

ರಿಪೇರಿ ಮುಗಿದ ದಿನ ಶೆಲ್ ಪೂರ್ತಿ ಚಾರ್ಜ್ ಮಾಡಿ, ತಳದಲ್ಲಿ ಆಂಪಿಯರ್ ಅಳೆದು, ಆ ಅಂಕಿಯನ್ನೂ ತಾರೀಕನ್ನೂ ಒಂದು ಚೀಟಿಯಲ್ಲಿ ಬರೆದು ಶೆಲ್ಲಿನ ಪೈಪಿಗೆ ಟೇಪ್ ಹಚ್ಚಿ ಅಂಟಿಸಿ. ಮುಂದಿನ ಸಲ ಮಂಕು ಅನ್ನಿಸಿದಾಗ ಮತ್ತೆ ಚಾರ್ಜ್ ಮಾಡಿ ಅಳೆಯಿರಿ. ಅಂಕಿ ಅದೇ ಇದ್ದರೆ ಮೊದಲು ಮುಂದಿನ ಗಾಜು ಒರೆಸಿ. ತೊಗರಿ ರಾಶಿಯ ಧೂಳು ಒಂದೇ ವಾರದಲ್ಲಿ ಅದನ್ನು ಮುಚ್ಚಿಬಿಡುತ್ತದೆ.